ಔರಾದ ಚಿತ್ರದ ಕೆಳಗಿನ ಮೂಲೆ

ಬೀದರ ಪಕ್ಕದ ಕೊಳಾರದ ಗೋದಾಮಿನ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಚಿತ್ರ ಕೂಡಿಡುವ ಹುಚ್ಚು ಹತ್ತಿತು. ಬೀದರಿನ ಹಳೆಯ ಪೇಟೆಯಲ್ಲಿ ಒಂದು ಪ್ರೆಸ್ ಇತ್ತು. ಮದುವೆ ಪತ್ರಿಕೆಗಳು ಮೊದಲು ಆಫ್‌ಸೆಟ್ಟಿಗೆ, ಆಮೇಲೆ ಮೊಬೈಲಿಗೆ ಹೋದವು. ಆಗ ಅದರ ಮಾಲೀಕರು ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಚಿತ್ರಗಳನ್ನು ಅಚ್ಚು ಹಾಕತೊಡಗಿದರು. ದಪ್ಪ ಕಾಗದ, ಬೆರಳಾಡಿಸಿದರೆ ಗೆರೆಗಳು ತಗ್ಗಾಗಿ ತಾಗುತ್ತಿದ್ದವು. ಇಷ್ಟೇ ಪ್ರತಿ ಎಂದು ಮೊದಲೇ ಗೊತ್ತು ಮಾಡಿ, ಅಷ್ಟು ತೆಗೆದ ಕೂಡಲೇ ಚಿತ್ರ ಕೊರೆದ ಬ್ಲಾಕಿನ ಮೇಲೆ ಉಳಿಯಿಂದ ಅಡ್ಡಗೆರೆ ಎಳೆದುಬಿಡುತ್ತಿದ್ದರು. ಮತ್ತೆ ಅಚ್ಚಾಗುವ ಮಾತೇ ಇಲ್ಲ. ನನಗೆ ಚಿತ್ರಕ್ಕಿಂತ ಆ ಅಡ್ಡಗೆರೆಯೇ ಹೆಚ್ಚು ಇಷ್ಟವಾಗಿತ್ತು ಎಂದು ಈಗ ಅನ್ನಿಸುತ್ತದೆ. ಇನ್ನೊಬ್ಬರಿಗೆ ಸಿಗದಿರುವುದು ನನ್ನಲ್ಲಿದೆ ಎಂಬ ಸುಖ ಅದು.

ಅಚ್ಚಾದ ಪ್ರತಿಗಳಿಗೆ ಕೈಯಿಂದ ಬೆಳ್ಳಿ ಬಣ್ಣ ಹಚ್ಚುತ್ತಿದ್ದವಳು ಔರಾದ ಕಡೆಯ ಒಬ್ಬ ಹುಡುಗಿ. ಬಿದ್ರಿ ಸಾಮಾನಿನ ಮೇಲಿರುವಂಥ ಸಣ್ಣ ಗೆರೆಗಳು. ನಾನು ಹೋದರೆ, "ಕಾಕಾ, ಬಾಗಲ್ದಾಗ ನಿಂದರಬ್ಯಾಡ್ರಿ, ಬೆಳಕ ಹೋಗ್ತದ. ನೀವಂತೂ ಗೋದಾಮಿನ ಬಾಗಿಲಿದ್ದಂಗ ಅದೀರಿ" ಎಂದು ನಗುತ್ತಿದ್ದಳು.

ಬೀದರ ಕೋಟೆಯ ಬಾಗಿಲು, ಭಾಲ್ಕಿ ಕೋಟೆಯ ಗೋಡೆ, ಔರಾದದ ಜೋಳದ ಹೊಲದಲ್ಲಿ ನಿಂತ ಕೃಷ್ಣಮೃಗ. ಮೂರು ಸೇರಿ ಒಂದು ಸೆಟ್. ಮೊದಲೆರಡನ್ನು ಕೊಂಡಿದ್ದೆ. ಮೂರನೆಯದರ ಕೆಲಸ ನಡೆದಿದ್ದಾಗ ಹುಡುಗಿಗೆ ಜ್ವರ ಬಂತು. ಆಸ್ಪತ್ರೆಯಿಂದ ಅವಳು ಮರಳಲಿಲ್ಲ. ಅವಳು ಬಣ್ಣ ಹಚ್ಚಿ ಮುಗಿಸಿದ್ದ ಕೆಲವೇ ಪ್ರತಿಗಳು ನನಗಿಂತ ಮೊದಲು ಬಂದವರ ಪಾಲಾದವು. ಅವಳು ಕೊನೆಗೆ ಬಣ್ಣ ಹಚ್ಚಿದ್ದನ್ನು ಮಾಲೀಕರು ಅವಳ ತಾಯಿಗೆ ಕೊಟ್ಟರು.

ಭಾಲ್ಕಿಯಲ್ಲಿ ನನ್ನಂಥದೇ ಹುಚ್ಚಿನ ಗೆಳೆಯನಿದ್ದ. ಅವನ ಹತ್ತಿರ ಮೂರೂ ಇದ್ದವು. ಹೋದಾಗಲೆಲ್ಲ ಚಹಾ ಕೊಟ್ಟು ಚುಚ್ಚುತ್ತಿದ್ದ: "ಯಾಕೋ, ಇನ್ನೂ ಎರಡರಾಗೇ ಅದೀಯಾ? ಮೂರು ಕಾಲಿನ ಸ್ಟೂಲಿಗೆ ಎರಡೇ ಕಾಲು. ಹುಷಾರ್, ಬಿದ್ದೀ."

ಒಂದು ದಿನ ಔರಾದ ಬಸ್ಸು ಹತ್ತಿದೆ.

ಮಗಳ ಬಾಯಲ್ಲಿ ಕಾಕಾನ ಸುದ್ದಿ ಕೇಳಿದ್ದರಿಂದ ತಾಯಿ ನನ್ನನ್ನು ಮನೆಯವನಂತೆ ಕೂರಿಸಿದಳು. ಚಿತ್ರ ಕಪಾಟಿನಲ್ಲಿ ಸೀರೆಗಳ ನಡುವೆ ಇತ್ತು.

"ಹಿಂಗ ಇಟ್ರ ಬೂಷ್ಟ ಹಿಡೀತದ ಅಕ್ಕಾ. ನಾ ಬೀದರಿನ್ಯಾಗ ಗ್ಲಾಸ್ ಹಾಕಿಸಿ ತಂದು ಕೊಡ್ತೇನಿ" ಎಂದೆ.

ಆಕೆ ಕೊಟ್ಟಳು. ಕೊಡುವಾಗ ಕೆಳಗಿನ ಮೂಲೆ ತೋರಿಸಿದಳು. ಅಲ್ಲಿ ಬೆಳ್ಳಿ ಬಣ್ಣದ ಹೆಬ್ಬೆರಳಿನ ಗುರುತಿತ್ತು. ಹುಡುಗಿ ಬಣ್ಣದ ಕೈಯಲ್ಲೇ ಕಾಗದ ಎತ್ತಿರಬೇಕು.

"ಇದು ಅಕಿ ಬೆರಳು ನೋಡ್ರಿ ಅಣ್ಣಾ. ಕಟ್ಟಿಗಿ ಇದರ ಮ್ಯಾಲ ಬರಬಾರ್ದು. ಫ್ರೇಮಿನವರಿಗೆ ಹೇಳ್ರಿ."

"ಹೇಳ್ತೇನಿ" ಎಂದೆ.

ಮನೆಗೆ ಬರುವ ಮೊದಲು ಭಾಲ್ಕಿಗೆ ಹೋಗಿ ಗೆಳೆಯನಿಗೆ ತೋರಿಸಿದೆ. ಹೊಟ್ಟೆಕಿಚ್ಚು ಪಡಲಿ ಎಂದು. ಅವನು ಮೂಲೆ ನೋಡಿ ನಕ್ಕ. "ಬಂತಪಾ, ಆದ್ರ ಹೊಲಸಾಗಿ ಬಂದದ. ಇದನ್ನ ಪೂರಾ ಅನ್ನಂಗಿಲ್ಲ."

ಅದೇ ಸಂಜೆ ಬ್ಲೇಡು ತೆಗೆದುಕೊಂಡು ಆ ಗುರುತನ್ನು ಕೆರೆದೆ. ಮೆಲ್ಲಗೆ, ಕಾಗದ ಹರಿಯದಂತೆ, ಬಹಳ ಜತನದಿಂದ. ಬೆಳ್ಳಿ ಪುಡಿಯನ್ನು ಊದಿಬಿಟ್ಟೆ. ಫ್ರೇಮು ಹಾಕಿಸಿ ಮೂರನ್ನೂ ಸಾಲಾಗಿ ಗೋಡೆಗೆ ತೂಗುಹಾಕಿದೆ.

ಹುಡುಗಿಯ ತಾಯಿ ಫೋನು ಮಾಡಿದಾಗ ಗ್ಲಾಸು ಬಂದಿಲ್ಲ ಎಂದೆ. ಮತ್ತೊಮ್ಮೆ, ಫ್ರೇಮಿನವನು ಊರಿಗೆ ಹೋಗಿದ್ದಾನೆ ಎಂದೆ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟೆ.

ಕೊನೆಗೆ ಆಕೆಯೇ ಬಂದಳು, ಪ್ರೆಸ್ಸಿನಲ್ಲಿ ನನ್ನ ಮನೆ ವಿಚಾರಿಸಿಕೊಂಡು. ಗೋಡೆಯ ಮೇಲೆ ಚಿತ್ರ ಕಂಡರೂ ಸಿಟ್ಟಾಗಲಿಲ್ಲ. "ಛಲೋ ಹಾಕಿಸೀರಿ" ಎಂದಳು. ಹತ್ತಿರ ಹೋಗಿ ಮೂಲೆ ನೋಡಿದಳು.

"ಅಣ್ಣಾ, ಕಟ್ಟಿಗಿ ಮ್ಯಾಲ ಬಂದದಲ್ರಿ. ನಾ ಹೇಳಿದ್ದೆ. ಜರಾ ಬಿಚ್ಚರಿ, ಬೆರಳ ನೋಡ್ತೇನಿ."

ಆಗಲೇ ಹೇಳಬಹುದಿತ್ತು. ಇಕ್ಕಳ ತಂದು ಫ್ರೇಮಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಕಟ್ಟಿಗೆಯ ಕೆಳಗೆ ಏನೂ ಇಲ್ಲವೆಂದು ಗೊತ್ತಿದ್ದೂ ಕಿತ್ತೆ. "ಮೆಲ್ಲಗ್ರಿ, ಕೈಗೆ ಚುಚ್ಚೀತು" ಎಂದು ಆಕೆ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು.

ಕಾಗದ ಹೊರಬಂತು. ಆಕೆ ಮೂಲೆಯ ಮೇಲೆ ಬೆರಳಾಡಿಸಿದಳು. ಕೆರೆದ ಜಾಗ ತರಿತರಿಯಾಗಿತ್ತು. ಅಲ್ಲಿಗೆ ಬಂದು ಬೆರಳು ನಿಂತಿತು.

"ಕೆರ್ದೀರೇನು?"

"ಹೂಂ."

"ಆ ಪುಡಿ ಎಲ್ಲಿ ಇಟ್ಟೀರಿ?"

"ಊದಿಬಿಟ್ಟೆ, ಅಕ್ಕಾ."

"ಇಲ್ಲೇ? ಈ ಮನ್ಯಾಗೇ?"

ತಲೆಯಾಡಿಸಿದೆ. ಆಕೆ ಸ್ವಲ್ಪ ಹೊತ್ತು ನೆಲವನ್ನೇ ನೋಡಿದಳು. ಆಮೇಲೆ ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಉಳಿದೆರಡನ್ನೂ ಒಯ್ಯಿರಿ, ಅವಕ್ಕೂ ಮಗಳೇ ಬಣ್ಣ ಹಚ್ಚಿದ್ದಾಳೆ ಎನ್ನುತ್ತ ಬಾಗಿಲವರೆಗೆ ಹಿಂದೆ ಹೋದೆ.

"ಅವ್ಯಾಕ್ರಿ" ಎಂದಳು. "ಅವಕ್ಕ ಅಕಿ ಬೆರಳಿಲ್ಲ."

ಈಗ ಇದಕ್ಕೂ ಇಲ್ಲ ಎಂದು ಆಕೆ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.