ತಿದ್ದಿದ ಕಣ್ಣು

ಫೋಟೊದವನಿಗೆ ಇಪ್ಪತ್ತೆಂಟು ವರ್ಷದಿಂದ ಒಂದೇ ಹಟ: ತನ್ನ ಸ್ಟುಡಿಯೋದಿಂದ ಹೊರಬೀಳುವ ಮುಖದಲ್ಲಿ ಎರಡು ಕಣ್ಣೂ ಒಂದೇ ಅಳತೆಗೆ ಇರಬೇಕು. ಒಂದು ಚಿಕ್ಕದಾದರೆ ಇನ್ನೊಂದನ್ನೇ ಕಂಪ್ಯೂಟರಿನಲ್ಲಿ ಮಗುಚಿ ಅಂಟಿಸುತ್ತಿದ್ದ. ಗಿರಾಕಿಯನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಒಳ್ಳೆಯದು ಮಾಡುವುದಕ್ಕೆ ಅಪ್ಪಣೆ ಯಾಕೆ ಎನ್ನುವ ಜಂಬ.

ಅಂಥವನ ಎಡರೆಪ್ಪೆಯೇ ಜೋತುಬಿತ್ತು. ಬೆಳಿಗ್ಗೆ ನೆಟ್ಟಗಿದ್ದದ್ದು ಸಂಜೆಗೆ ಅರ್ಧ ಎಳೆದ ಶಟರ್. "ಏನಣ್ಣ, ಹಗಲಲ್ಲೇ ಏರಿಸಿದ್ದೀಯಾ?" ಎಂದು ಪಕ್ಕದ ಚಪ್ಪಲಿ ಅಂಗಡಿಯವನು ನಕ್ಕ ದಿನ ಕಪ್ಪು ಕನ್ನಡಕ ಕೊಂಡುಕೊಂಡ. ದೇಹದ ಕಾವಲಿನವರೇ ದಾರಿ ತಪ್ಪಿ, ನರ ಹೇಳಿದ್ದು ಸ್ನಾಯುವಿಗೆ ಮುಟ್ಟದಂತೆ ಮಾಡುವ ಕಾಯಿಲೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಎದುರು ಸಿಕ್ಕವರಿಗೆಲ್ಲ ಅದನ್ನು ಬಿಡಿಸಿ ಹೇಳಲಾದೀತೇ? ಬೆಳಕು ಹರಿಯುವ ಮುಂಚೆ ಅಂಗಡಿ ಸೇರಿ, ಕತ್ತಲಾದ ಮೇಲೆ ಮನೆಗೆ ಹೋಗತೊಡಗಿದ.

"ವಿಟಮಿನ್ ಡಿ ಒಂಬತ್ತು," ಎಂದರು ಡಾಕ್ಟರು ರಿಪೋರ್ಟ್ ನೋಡಿ. "ಇಪ್ಪತ್ತಾದ್ರೂ ಬೇಕು. ಈ ಕಾಯಿಲೆಯವರಲ್ಲಿ ತುಂಬಾ ಜನಕ್ಕೆ ಕಡಿಮೆ ಇರುತ್ತೆ. ಅದರಿಂದಾನೇ ಕಾಯಿಲೆ ಬಂತು ಅಂತಲ್ಲ. ಆದ್ರೆ ಸ್ಟೀರಾಯ್ಡ್ ತಗೋತಿದ್ದೀರಿ, ಮೂಳೆ ಸವೆಯುತ್ತೆ. ವಾರಕ್ಕೊಂದು ಮಾತ್ರೆ ಕೊಡ್ತೀನಿ. ಬಿಸಿಲು ನೋಡಿ ಎಷ್ಟು ದಿನ ಆಯ್ತು?"

"ಕೆಲಸ ಜಾಸ್ತಿ, ಡಾಕ್ಟ್ರೇ," ಎಂದು ಸುಳ್ಳು ಹೇಳಿ ಹೊರಬಂದ.

ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅವಳಿಗೂ ಅದೇ ಕಾಯಿಲೆ, ಅದೇ ಜೋತ ರೆಪ್ಪೆ, ಆದರೆ ಕನ್ನಡಕ ಗಿನ್ನಡಕ ಇಲ್ಲ. "ನಿಮ್ದು ಡಿ ಎಷ್ಟು ಬಂತಣ್ಣ? ನಂದು ಮೂವತ್ತೆರಡು," ಎಂದು ಅಂಕಪಟ್ಟಿ ಓದಿದ ಹಾಗೆ ಹೇಳಿದಳು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ.

"ನಂಗೂ ಮೊದ್ಲು ನಾಚಿಕೆನೇ. ಆರು ವರ್ಷದ ಹಿಂದೆ ಸರ್ಕಾರಿ ಟೀಚರ್ ಪರೀಕ್ಷೆಗೆ ಅಂತ ಫೋಟೊ ತೆಗೆಸಿದ್ದೆ. ಆ ಪುಣ್ಯಾತ್ಮ ಕೇಳ್ದೇನೇ ಕಣ್ಣು ಸರಿ ಮಾಡಿಬಿಟ್ಟಿದ್ದ. ಚೆನ್ನಾಗಿದೆ ಅಂತ ನಾನೂ ಸುಮ್ನಾದೆ. ಪರೀಕ್ಷೆ ದಿನ ಬಾಗಿಲಲ್ಲಿ 'ಇದು ನೀವಲ್ಲ' ಅಂದು ವಾಪಸ್ ಕಳಿಸಿದ್ರು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೇ ಅವಕಾಶ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಕನ್ನಡಕಕ್ಕೆ ಹೋಯಿತು. ಆ ದಿನದ ಅವಳ ಮುಖ ನೆನಪಾಯಿತು. "ನಿದ್ದೆ ಮುಗಿಸಿ ಬರಬಾರ್ದಾ ಮೇಡಂ?" ಎಂದು ಅಂದು ತಾನು ನಕ್ಕದ್ದೂ ನೆನಪಾಯಿತು. "ನಂದು ಬರೀ ಒಂಬತ್ತು," ಎಂದು ಮಾತು ತಿರುಗಿಸಿದ.

"ಒಂಬತ್ತಾ? ಅಯ್ಯೋ! ನಾಳೆ ಬೆಳಿಗ್ಗೆ ಪಾರ್ಕಿಗೆ ಬನ್ನಿ. ನಾನು ದಿನಾ ನಡೀತೀನಿ," ಎಂದಳು.

ಒಲ್ಲೆ ಎನ್ನುವ ಮುಖ ಅವನಿಗೆ ಎಲ್ಲಿತ್ತು? ಹೋದ. ಎಳೆಬಿಸಿಲಲ್ಲಿ ನಡೆದು, ಕಾಲು ಸೋತಾಗ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ದಿನವೂ ಹೊರಡುತ್ತಿದ್ದ. ಮಾತು ನಾಲಿಗೆ ತುದಿಗೆ ಬಂದು, ಹಾಗೇ ಹೊಟ್ಟೆಗೆ ಇಳಿಯುತ್ತಿತ್ತು. ಏನು ಕೆಲಸ ಎಂದು ಒಮ್ಮೆ ಕೇಳಿದ್ದಕ್ಕೆ "ಒಂದು ಅಂಗಡಿ" ಎಂದ. ಅವಳು ಕೆದಕಲಿಲ್ಲ. ಹೇಡಿಗೆ ಅಷ್ಟೇ ಸಾಕಾಯಿತು.

ಮೂರು ತಿಂಗಳ ಮೇಲೆ ರಕ್ತ ಪರೀಕ್ಷೆಯಲ್ಲಿ ಮೂವತ್ತೊಂದು ಬಂತು. "ಪಾಸಾದ್ರಲ್ಲ!" ಎಂದು ಟೀಚರಮ್ಮ ಚಪ್ಪಾಳೆ ತಟ್ಟಿದಳು. ಅವಳ ಸಂತೋಷ ಅವನನ್ನು ಮುಳ್ಳಾಗಿ ಚುಚ್ಚಿತು.

"ಅಮ್ಮಾ, ನಿಮಗೆ ಒಂದು ಮಾತು..."

"ಮಾತು ಆಮೇಲೆ. ಆಸ್ಪತ್ರೆ ಕಾರ್ಡಿಗೆ ಹೊಸ ಫೋಟೊ ಬೇಕಂತೆ. ನಡೀರಿ ನಿಮ್ಮ ಸ್ಟುಡಿಯೋಗೆ."

ಸ್ಟುಡಿಯೋ ಎಂದು ಅವನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

"ಗೊತ್ತಿತ್ತಾ?"

"ಆ ದನಿ ಮರೆಯೋಕಾಗುತ್ತಾ? ಬೆಂಚಿನ ಮೇಲೇ ಗೊತ್ತಾಯ್ತು. ನೀವಾಗೇ ಹೇಳ್ತೀರೇನೋ ಅಂತ ಮೂರು ತಿಂಗಳು ಕಾದೆ."

"ತಪ್ಪಾಯ್ತಮ್ಮ," ಎಂದ. ಇಷ್ಟೇ ಇಷ್ಟು ಮಾತಿಗೆ ಇಷ್ಟು ದಿನ ಬೇಕಾಯಿತೇ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಅವಳು ಪರವಾಗಿಲ್ಲ ಎನ್ನಲಿಲ್ಲ. ಮುಂದೆ ನಡೆದಳು.

ಸ್ಟುಡಿಯೋದಲ್ಲಿ ಅದೇ ಸ್ಟೂಲಿನ ಮೇಲೆ ಕೂತಳು. ಕಣ್ಣು ಅಗಲಿಸಿ ಎಂಬ ಹಳೇ ಮಾತು ಬಾಯಿಗೆ ಬಂತು, ನುಂಗಿಕೊಂಡ. ಕಪ್ಪು ಕನ್ನಡಕ ತೆಗೆದಿಟ್ಟು, ತನ್ನ ಜೋತ ರೆಪ್ಪೆಯನ್ನು ಎಡಗೈ ಬೆರಳಿನಿಂದ ಎತ್ತಿ ಹಿಡಿದು, ಬಲಗೈಯಲ್ಲಿ ಗುಂಡಿ ಒತ್ತಿದ. ಏನೂ ತಿದ್ದದೆ ಪ್ರಿಂಟ್ ತೆಗೆದು ಅವಳ ಕೈಗಿಟ್ಟ.

ಟೀಚರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಹೂಂ, ಇದು ನಾನೇ," ಎಂದಳು.