ಬಂಡೀಪುರಕ್ಕೆ ಹೋದ ಗಂಟು

ನುಸಿಗುಳಿಗೆಯ ವಾಸನೆ ಮೊದಲು ಮೂಗಿಗೆ ಹತ್ತುತ್ತದೆ, ಆಮೇಲೆ ನೆನಪಿಗೆ. ಮೊನ್ನೆ ಮೊಮ್ಮಗಳು ಗಂಡನ ಜೊತೆ ಬಂದಿದ್ದಳು. ಬಂಡೀಪುರದಲ್ಲಿ ಒಂದು ರಾತ್ರಿ ತಂಗಿ ಬರುತ್ತಾರಂತೆ. ಅವಳ ಗಂಡ ಕಾಫಿ ಕುಡಿಯುತ್ತ ಕುಡಿಯುತ್ತಲೇ ಫೋನಿನಲ್ಲಿ ಕೋಣೆ ಗೊತ್ತು ಮಾಡಿಬಿಟ್ಟ. ಲೋಟ ಕೆಳಗಿಡುವ ಹೊತ್ತಿಗೆ ಅವರ ಏರ್ಪಾಡೆಲ್ಲ ಮುಗಿದಿತ್ತು.

"ತಾತ, ಅಲ್ಲಿ ಬೆಳಗ್ಗೆ ಚಳಿ ಜಾಸ್ತಿಯಂತೆ. ಬೆಚ್ಚಗಿರೋದು ಏನಾದ್ರೂ ಇದ್ರೆ ಕೊಡಿ" ಎಂದಳು. ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದು ಕೈಯಾಡಿಸಿದೆ. ತಳದಲ್ಲಿ ಕಂದು ಬಣ್ಣದ ಮಫ್ಲರು ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ, ನುಸಿಗುಳಿಗೆಯ ಅಡಿಯಲ್ಲಿ ಇನ್ನೊಂದು ಘಾಟು.

"ನಸ್ಯದ ವಾಸನೆ ಇನ್ನೂ ಹೋಗಿಲ್ಲ ನೋಡೇ" ಎಂದೆ ನನ್ನ ಹೆಂಡತಿಗೆ.

ಅವಳು ಕೈಗೆ ತೆಗೆದುಕೊಂಡು ಮೂಸಿ, ಹಿಂದಕ್ಕೆ ಕೊಟ್ಟಳು. "ಅಷ್ಟು ಕಾಲದ ನಸ್ಯ ಇನ್ನೆಲ್ಲಿರ್ತದೆ? ನಿಮ್ಮ ಮೂಗಲ್ಲಿರೋದು ನಸ್ಯ ಅಲ್ಲ, ಹೊಟ್ಟೆಕಿಚ್ಚು."

ನಿಮಗೆ ಷಡ್ಡಕರಿದ್ದಾರೆಯೆ? ಇದ್ದರೆ ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ಅಕ್ಕನನ್ನೋ ತಂಗಿಯನ್ನೋ ಕೈಹಿಡಿದವನು ಷಡ್ಡಕ. ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡುತ್ತಾರೆ, ಪಾಲಾದ ಮೇಲೆ ಸುಮ್ಮನಾಗುತ್ತಾರೆ. ಷಡ್ಡಕರ ನಡುವೆ ಪಾಲು ಮಾಡಿಕೊಳ್ಳಲು ಏನೂ ಇರುವುದಿಲ್ಲ. ಆದ್ದರಿಂದಲೇ ಆ ವ್ಯಾಜ್ಯ ಮುಗಿಯುವುದೂ ಇಲ್ಲ. ಯಾರ ಎಲೆಗೆ ತುಪ್ಪ ಮೊದಲು ಬಿತ್ತು, ಯಾರಿಗೆ ಬಿಸಿನೀರು ಹದವಾಗಿ ಕಾದಿತ್ತು, ಜಗಲಿಯ ಮೇಲೆ ಮಾವನವರ ಪಕ್ಕ ಯಾರು ಕೂತರು, ಇಂಥವೇ ನಮ್ಮ ಆಸ್ತಿಪಾಸ್ತಿ.

ನನ್ನ ಮಾವನವರದು ಹೊಳೆನರಸೀಪುರದಲ್ಲಿ ಬೆಲ್ಲ, ಕೊಬ್ಬರಿಯ ವ್ಯಾಪಾರ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಅರಕಲಗೂಡಿಗೆ ಕೊಟ್ಟಿದ್ದರು, ಚಿಕ್ಕವಳನ್ನು ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯ ನನಗೆ. ಯುದ್ಧಕಾಲ. ಪೆಟ್ರೋಲಿಗೆ ಬರ ಬಂದು, ಮೋಟಾರುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ದಿನಗಳು. ನಾನು ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದಿದ್ದೆ. ಮೊದಲ ದೀಪಾವಳಿಯ ಅಳಿಯನೆಂದರೆ ಸುಮ್ಮನೆಯೆ? ಹಬ್ಬವೇ ಅವನದು. ಹಾಗೆಂದುಕೊಂಡು ಹೊಸ ಪಂಚೆ ಸರಭರ ಅನ್ನಿಸುತ್ತ ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಅರಕಲಗೂಡಿನ ಷಡ್ಡಕರು ಆಗಲೇ ಕೂತು ನಸ್ಯ ಏರಿಸುತ್ತಿದ್ದರು.

ಅವರದು ಆಲೂಗೆಡ್ಡೆ ಬೇಸಾಯ. ಆದರೆ ಬೆಳೆಗಿಂತ ಮಾತು ಹುಲುಸು. ಬರುವ ದಾರಿಯಲ್ಲಿ ಬಸ್ಸು ಕೆಟ್ಟು ನಿಂತದ್ದನ್ನು ಹೇಳಿದರೂ ಪಕ್ಕದ ಮನೆಯವರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನನ್ನ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತ ನಗುತ್ತಿದ್ದಳು. ನಾನು ಮದುವೆಯಾದಾಗಿನಿಂದ ಎಷ್ಟೋ ತಮಾಷೆ ಹೇಳಿದ್ದೆ. ಆ ಸೆರಗು ಒಮ್ಮೆಯೂ ಬಾಯಿಗೆ ಹೋಗಿರಲಿಲ್ಲ. ನಾನು ಮುಖ ಬಿಗಿದುಕೊಂಡು ಕೂತದ್ದನ್ನು ಕಂಡು ಷಡ್ಡಕರು, "ಏನ್ ಚನ್ನರಾಯಪಟ್ಣದೋರೆ, ಬಟ್ಟೆ ಅಳ್ದಂಗೆ ಮಾತೂ ಅಳ್ದೇ ಕೊಡಾದಾ? ಒಂದ್ ಗೇಣಾದ್ರೂ ಅರೀರಪ್ಪಾ!" ಎಂದರು. ಮನೆಯೆಲ್ಲ ನಕ್ಕಿತು. ಸೆರಗು ಬಾಯಿಗೆ ಹೋಯಿತು.

ಆ ಹಬ್ಬದಲ್ಲೇ ಬಂಡೀಪುರದ ಮಾತು ಎದ್ದದ್ದು. ಹಾಸನದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಮಲ್ಲಪ್ಪನವರು ಮಾವನವರ ಗೆಳೆಯರು. ಯಾರನ್ನೋ ಹಿಡಿದು, ಕಾಡಿನ ಬಂಗಲೆಯಲ್ಲಿ ಗುರುವಾರ ಒಂದು ರಾತ್ರಿ ಇರುವುದಕ್ಕೆ ಅಪ್ಪಣೆ ಪಡೆದಿದ್ದರು. ಮಹಾರಾಜರ ಕಾಡು; ಅಲ್ಲಿ ಮೃಗಗಳನ್ನು ಹೊಡೆಯುವಂತಿಲ್ಲ, ನೋಡಬೇಕು ಅಷ್ಟೆ. ಬೀದಿಯವರಿಗೆ ಇದೇ ಅರ್ಥವಾಗದ ಸಂಗತಿ. "ಉಲಿ ಬಂದ್ರೆ ಜನ ಊರ್ ಬುಟ್ಟು ಓಡ್ತಾರೆ. ನೀವೇನ್ ಸಾವ್ಕಾರ್ರೆ, ಉಲಿ ತಾವ್ಕೇ ಓಡ್ತೀರಲ್ಲ!"

ಆ ಒಂದು ರಾತ್ರಿಗೆ ಜಗಲಿಯ ಮೇಲೆ ನಡೆದ ಸಿದ್ಧತೆ ಒಂದು ಮದುವೆಗೆ ಸಾಕಾಗುತ್ತಿತ್ತು. ಇದ್ದಿಲಿನ ಮೂಟೆ ಮಲ್ಲಪ್ಪನವರ ಮೋಟಾರಿನ ತಲೆಯ ಮೇಲೋ, ಕಾಲಡಿಗೋ? ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ಹೊತ್ತು ಮುಳುಗುವ ಮುಂಚೆ ಬಂಗಲೆ ಸೇರಬೇಕಾದರೆ ಎಷ್ಟು ಹೊತ್ತಿಗೆ ಒಲೆ ಹೊತ್ತಿಸಬೇಕು? ಅತ್ತೆಯವರು ಬಾಗಿಲ ಹಿಂದಿನಿಂದ ಅಕ್ಕಿ, ರಾಗಿಹಿಟ್ಟು, ಹುಳಿಪುಡಿ, ಲಾಟೀನು ಎಂದು ಹೇಳುತ್ತ ಹೋದರು. ಹುಲಿಯ ಹೆಸರನ್ನು ಮಾತ್ರ ಅವರು ಬಾಯಲ್ಲಿ ತರಲಿಲ್ಲ. "ಆ ದೊಡ್ಡದು ಬಂದ್ರೆ ಮಾತಾಡ್ಬೇಡಿ ಅಂತ ಹೇಳವ್ವ ನಿಮ್ಮಪ್ಪಂಗೆ" ಎಂದು ಮಗಳ ಮೂಲಕ ಅಪ್ಪಣೆಯಾಯಿತು.

ಮಲ್ಲಪ್ಪನವರು ಡ್ರೈವರನ ಪಕ್ಕ. ಹಿಂದಿನ ಸೀಟಿನಲ್ಲಿ ಮಾವನವರು, ಪಾತ್ರೆಪಗಡ, ಜೊತೆಗೆ ಒಬ್ಬ ಅಳಿಯ. ಒಬ್ಬನೇ ಅಳಿಯ. ನಾನು ಉಸಿರು ಬಿಗಿಹಿಡಿದು ಕೂತೆ. ಮೊದಲ ದೀಪಾವಳಿ ಯಾರದು? ನನ್ನದು. ಮಾವನವರು ಎಲೆಯಡಿಕೆ ಹಾಕಿಕೊಂಡು, ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ, "ದೊಡ್ಡಳಿಯಂದೀರು ಬರ್ಲಿ. ದೊಡ್ಡೋರು ದೊಡ್ಡೋರೇಯ" ಎಂದರು.

ಅವತ್ತು ನಾನು ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಯಾರೂ ಅದನ್ನು ಗಮನಿಸಲೂ ಇಲ್ಲ. ಹೆಂಡತಿಯನ್ನು ಹಿತ್ತಲಲ್ಲಿ ಹಿಡಿದು, "ನಿಮ್ಮಪ್ಪನಿಗೆ ನಾನು ಲೆಕ್ಕಕ್ಕೇ ಇಲ್ಲವೇನು?" ಎಂದೆ. "ಅದ್ಯಾಕಂಗಾಡ್ತೀರಿ? ಕಾಡಲ್ಲಿ ಏನೈತೆ, ಮರ. ನಮ್ ತ್ವಾಟದಲ್ಲೂ ಅವೆ, ಓಗಿ ನೋಡ್ಕಂಬನ್ನಿ" ಎಂದು ಬಿಂದಿಗೆ ಎತ್ತಿಕೊಂಡು ಹೋದಳು.

ಈಗ ಪ್ರಸ್ಥಾನದ ವಿಷಯ ಹೇಳಬೇಕು. ಗುರುವಾರ ದಕ್ಷಿಣಕ್ಕೆ ಶೂಲ. ಆ ದಿಕ್ಕಿಗೆ ಹೊರಡಬಾರದು. ಬಂಡೀಪುರ ಇರುವುದೋ ದಕ್ಷಿಣಕ್ಕೆ, ಬಂಗಲೆ ಸಿಕ್ಕಿರುವುದೋ ಗುರುವಾರ. ಶಿವಭಕ್ತರಿಗೆ ದಿನವೇನು, ವಾರವೇನು ಎಂದು ಮಠದಲ್ಲಿ ತಲೆದೂಗಿ ಬರುವ ಮನೆತನವೇ ನಮ್ಮದು. ತಲೆದೂಗುವುದು ಮಠದಲ್ಲಿ, ಹೊರಡುವುದು ಮನೆಯಿಂದ. ಇದಕ್ಕೆ ಹಿರಿಯರು ಮಾಡಿಟ್ಟ ಉಪಾಯವೇ ಪ್ರಸ್ಥಾನ. ಹಿಂದಿನ ದಿನ ಒಳ್ಳೆಯ ಹೊತ್ತಿನಲ್ಲಿ ಹೊರಡುವವನ ಬಟ್ಟೆಯ ಗಂಟನ್ನು, ಮೂಲೆಗೆ ಹಿಡಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಕಟ್ಟಿ, ಅದೇ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ಅವನು ಹೊರಟಂತೆ. ಆಮೇಲೆ ಅವನು ಮನೆಯಲ್ಲೇ ಕೂತು ಉಂಡರೂ ಮಲಗಿದರೂ ಶೂಲಕ್ಕೆ ಅವನು ಮನೆಯಲ್ಲಿಲ್ಲ, ದಾರಿಯಲ್ಲಿದ್ದಾನೆ.

ಬುಧವಾರ ಮಾವನವರ ಗಂಟೂ ಷಡ್ಡಕರ ಗಂಟೂ ದಕ್ಷಿಣದ ಬೀದಿಯ ಸಿದ್ದಮ್ಮಜ್ಜಿಯ ಮನೆಗೆ ಹೋದವು. ಷಡ್ಡಕರ ಗಂಟಿನಲ್ಲಿ ಪಂಚೆ, ಅಂಗಿ, ವಿಭೂತಿಗಟ್ಟಿ. ಎಲ್ಲದರ ಮೇಲೆ ಈ ಕಂದು ಮಫ್ಲರು. ಕಟ್ಟುವುದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅಷ್ಟು ಚೆಂದವಾಗಿ ಕಟ್ಟಿದ ಗಂಟನ್ನು ಕಂಡರೆ ಬಿಚ್ಚಿ ಎಸೆಯಬೇಕೆನ್ನಿಸುತ್ತಿತ್ತು.

ಗುರುವಾರ ಬೆಳಗ್ಗೆ ನೋಡಿದರೆ ಷಡ್ಡಕರಿಗೆ ಚಳಿಜ್ವರ. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. "ಏನಿಲ್ಲ ಕಣ್ ಮಾವ, ಮೋಟ್ರು ಅಲ್ಲಾಡೋವಾಗ ಮೈಯೂ ಅಲ್ಲಾಡ್ತದೆ, ಎರಡೂ ಸರೋಯ್ತದೆ, ಬತ್ತೀನಿ" ಎಂದು ಏಳಲು ನೋಡಿದರು, ಅಲ್ಲೇ ಕುಸಿದರು. ನನ್ನ ಮುಖದಲ್ಲಿ ಚಿಂತೆ ತಂದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಎದೆಯೊಳಗೆ ಪಟಾಕಿ ಹೊಡೆಯುತ್ತಿತ್ತು.

ಮಾವನವರು ನನ್ನ ಕಡೆ ತಿರುಗಿ "ಹಂಗಾದ್ರೆ ಚಿಕ್ಕಳಿಯಂದೀರು..." ಎನ್ನುವಷ್ಟರಲ್ಲಿ ಬಾಗಿಲ ಹಿಂದಿನಿಂದ ಅತ್ತೆಯವರ ದನಿ ಬಂತು. ಇಟ್ಟ ಪ್ರಸ್ಥಾನ ಹೋಗದೆ ಮನೆಗೆ ತಿರುಗಿ ಬಂದರೆ ದೊಡ್ಡ ಅಳಿಯನಿಗೆ ಕೇಡು. ಅದರಲ್ಲೂ ಜ್ವರ ಬಂದಿದೆ. ಗಂಟು ಹೋಗಿಯೇ ಬರಬೇಕು. ಇನ್ನು ಚಿಕ್ಕ ಅಳಿಯನ ಪ್ರಸ್ಥಾನವನ್ನು ಇಟ್ಟೇ ಇಲ್ಲ, ಅವನು ಹೊರಡುವ ಹಾಗೇ ಇಲ್ಲ.

ಹೊರಗೆ ಮಲ್ಲಪ್ಪನವರ ಮೋಟಾರು ಹೊಗೆ ಕಾರುತ್ತ ಹಾರನ್ನು ಹೊಡೆಯುತ್ತಿತ್ತು. ಕಡೆಗೆ ಅತ್ತೆಯವರೇ ದಾರಿ ತೋರಿಸಿದರು. "ಅವ್ರು ಪಯಣ ಓಗಾದ್ ಬ್ಯಾಡ. ಗಂಟು ಹಿಡ್ಕೊಂಡು ಓಗ್ಲಿ. ಗಂಟು ಹೊತ್ತೋರ್ಗೆ ಶೂಲ ತಟ್ಟಾಕಿಲ್ಲ."

ಹೀಗೆ ನಾನು ಬಂಡೀಪುರಕ್ಕೆ ಹೊರಟೆ. ಶಾಸ್ತ್ರದ ಪ್ರಕಾರ ಹೊರಟವರು ಅರಕಲಗೂಡಿನ ಷಡ್ಡಕರು.

ಸಿದ್ದಮ್ಮಜ್ಜಿಯ ಮನೆಯಿಂದ ಗಂಟನ್ನು ತಂದಾಗ ಮಾವನವರು ಅದನ್ನು ಸೀಟಿನ ಮೇಲೆ, ಕಿಟಕಿಯ ಪಕ್ಕ ಕೂರಿಸಿದರು. "ಅವ್ರ ಜಾಗ ಅವ್ರಿಗೆ." ನನಗೆ ಉಳಿದದ್ದು ನಡುವೆ, ಪಾತ್ರೆಗಳ ಜಾಗ, ಪಾತ್ರೆಗಳು ನನ್ನ ತೊಡೆಯ ಮೇಲೆ. ಮಲ್ಲಪ್ಪನವರಿಗೋ ಇದು ದಾರಿಯುದ್ದಕ್ಕೂ ವಿನೋದ. ಮೈಸೂರಿನಲ್ಲಿ, "ದೊಡ್ಡಳಿಯಂದೀರ್ಗೆ ಬಿಸ್ಲು ಬೀಳ್ತಾ ಐತೇನೋ, ಪರದೆ ಎಳೀರಿ." ನಂಜನಗೂಡಿನಲ್ಲಿ, "ದೊಡ್ಡಳಿಯಂದೀರು ಯಾಕೋ ಮಾತೇ ಆಡ್ನಿಲ್ಲ, ಕ್ವಾಪವಾ?" ನಿಮಗೆ ನಗು ಬರಬಹುದು. ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಬೇಕಾದಷ್ಟು ಜನ ಇದ್ದಾರೆ. ಪಂಚೆ, ಅಂಗಿ, ಮಫ್ಲರಿನ ಗಂಟಿನ ಮೇಲೆ ಅಷ್ಟು ದೂರ ಹೊಟ್ಟೆಕಿಚ್ಚು ಪಟ್ಟುಕೊಂಡು ಹೋದವನು ಬಹುಶಃ ನಾನೊಬ್ಬನೇ.

ಗುಂಡ್ಲುಪೇಟೆ ದಾಟಿತು. ಕಾಡು ಎರಡೂ ಕಡೆ ಹತ್ತಿರ ಸರಿಯಿತು. ಇಳಿಬಿಸಿಲು. ಒಂದು ಏರಿನಲ್ಲಿ ಮೋಟಾರು ಕೆಮ್ಮುತ್ತ ತೆವಳುತ್ತಿದ್ದಾಗ ಚಕ್ರ ಹಳ್ಳಕ್ಕೆ ಬಿದ್ದು, ಗಂಟು ಉರುಳಿ ಕಾಲಡಿಗೆ ಹೋಯಿತು. "ಅಯ್ಯೋ, ದೊಡ್ಡಳಿಯಂದೀರು!" ಎಂದರು ಮಾವನವರು. ತೊಡೆಯ ಮೇಲಿನ ಕೊಳಗ ತಬ್ಬಿಕೊಂಡು ನಾನು ಬಗ್ಗಿ ತಡಕಾಡಿದೆ. ಅಷ್ಟರಲ್ಲಿ ಮೋಟಾರು ಗಕ್ಕನೆ ನಿಂತಿತು. ಮೇಲೆ ಯಾರೋ "ಶ್" ಎಂದರು. ಆಮೇಲೆ ಸದ್ದೇ ಇಲ್ಲ. ಗಂಟು ಸಿಕ್ಕಿ, ನಾನು ತಲೆ ಎತ್ತುವ ಹೊತ್ತಿಗೆ ರಸ್ತೆಯಂಚಿನ ಹುಲ್ಲು ಅಲುಗಾಡುತ್ತಿತ್ತು. ಮಾವನವರ ಬಾಯಿ ತೆರೆದೇ ಇತ್ತು.

"ಕಂಡ್ರಾ?"

"ಏನು?"

"ದೊಡ್ಡದು! ರಸ್ತೆ ದಾಟ್ತಲ್ಲಪ್ಪಾ, ಈ ಕಡೆಯಿಂದ ಆ ಕಡೀಕೆ!"

ಬಂಗಲೆಯ ಜಗಲಿಯಲ್ಲಿ ಕೂತಾಗ ಮುಂದಿನ ಬಯಲಿಗೆ ಜಿಂಕೆಯ ಹಿಂಡು ಬಂತು. ನಾನು ಹೊದೆಯಲು ಏನೂ ತಂದಿರಲಿಲ್ಲ, ಹೊರಟವನೇ ಅಲ್ಲವಲ್ಲ. ನಡುಗುವುದನ್ನು ನೋಡಲಾರದೆ ಮಾವನವರು ಗಂಟು ಬಿಚ್ಚಿ ಮಫ್ಲರನ್ನು ನನ್ನ ಕತ್ತಿಗೆ ಸುತ್ತಿದರು. ಅದರ ನೂಲುನೂಲಿನಲ್ಲೂ ನಸ್ಯ. ನಾನು ಸೀನಿದ ರಭಸಕ್ಕೆ ಹಿಂಡು ಹಿಂಡೇ ಕಾಡಿನೊಳಗೆ ಹಾರಿತು. "ಇದ್ಕಿಂತ ಗಂಟೊಂದ್ನೇ ಕರ್ಕಂಬಂದಿದ್ರೆ ಸರೋಗಿತ್ತು" ಎಂದರು ಮಲ್ಲಪ್ಪನವರು.

ಮರುದಿನ ಊರಿಗೆ ಬಂದಾಗ ಷಡ್ಡಕರ ಜ್ವರ ಇಳಿದಿತ್ತು. ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಬೀದಿಯ ಜನವೆಲ್ಲ ನಡುಮನೆಯಲ್ಲಿ ಸೇರಿದ್ದರು. ನನ್ನ ಕಾಲ ಬಂತೆಂದುಕೊಂಡು ಗಂಟಲು ಸರಿಮಾಡಿಕೊಂಡೆ. "ಹೋದೆವು. ಕಾಡು ದೊಡ್ಡದು. ಜಿಂಕೆಗಳಿದ್ದವು. ಚಳಿ" ಎಂದೆ. ಮುಂದೆ ಏನೂ ಹೊಳೆಯಲಿಲ್ಲ. ಮಾವನವರು ತಮ್ಮ ಪಾಲಿಗೆ "ಹುಲಿ ದಾಟ್ತು" ಎಂದು ಸೇರಿಸಿದರು. ಜನ ಎದ್ದು ಪಂಚೆ ಕೊಡವಿಕೊಳ್ಳತೊಡಗಿದರು.

ಷಡ್ಡಕರು ಬಟ್ಟಲನ್ನು ಕೆಳಗಿಟ್ಟರು. "ಬಿಸ್ಲು ಎತ್ತಗಿತ್ತು ಮಾವ? ಎದ್ರುಗಾ, ಬೆನ್ನಿಗಾ?" ಬಲಗಡೆಗೆ ಎಂದರು ಮಾವನವರು. "ಹುಲ್ಲು ಎಷ್ಟೆತ್ರ? ಬಾಲ ಮ್ಯಾಲಿತ್ತಾ, ಇಳೇ ಬಿದ್ದಿತ್ತಾ? ನಿಮ್ ಕಡೀಕೆ ತಿರುಗ್ತಾ?" ಒಂದೊಂದೇ ಕೇಳಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಶುರುಮಾಡಿದರು.

"ಬಿಸ್ಲು ಇಳ್ದಿತ್ತು ಕಣ್ರಪ್ಪಾ. ಹುಲ್ಲು ಇತ್ತಲ್ಲ, ಅದೇ ಎದ್ದು ನಡ್ದಂಗಾಯ್ತು. ಹುಲ್ಲಿನ ಬಣ್ಣ, ಹುಲ್ಲಿನ ಗೆರೆ. ರಸ್ತೆಗೆ ಕಾಲಿಟ್ಮೇಲೇ ಗೊತ್ತಾಗಿದ್ದು, ಇದು ಹುಲ್ಲಲ್ಲ ಅಂತ. ಅವಸ್ರ ಅನ್ನೋದೇ ಇಲ್ಲ. ನಮ್ಮಾವ ಮಂಡಿ ಬಾಗ್ಲು ಹಾಕ್ಕೊಂಡು ಮನೀಗ್ ಬರ್ತಾರಲ್ಲ, ಅಂಗೆ..."

ಎದ್ದವರು ಕೂತರು. ಅತ್ತೆಯವರು ಬಾಗಿಲ ಹಿಂದಿನಿಂದ ಅರ್ಧ ಈಚೆಗೆ ಬಂದುಬಿಟ್ಟಿದ್ದರು. ಹೇಳಿದರೆ ನಂಬುತ್ತೀರೋ ಇಲ್ಲವೋ, ನಾನು ಹುಲಿಯನ್ನು ಕಂಡದ್ದು ಆಗ. ಬಂಡೀಪುರದಲ್ಲಲ್ಲ, ಹೊಳೆನರಸೀಪುರದ ನಡುಮನೆಯಲ್ಲಿ, ಹೋಗದೆ ಉಳಿದವರ ಬಾಯಲ್ಲಿ. ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾಗುತ್ತದೆ. ಹೋಗಿಬಂದ ನನ್ನ ಪಯಣವನ್ನೂ ಕಣ್ಣೆದುರಿಗೇ ಕಿತ್ತುಕೊಂಡರಲ್ಲ ಎಂದು ಇನ್ನಷ್ಟು ಉರಿಯಿತು. ಆದರೂ ಅವರು ನಿಲ್ಲಿಸಿದಾಗ "ಆಮೇಲೆ?" ಎಂದು ಎಲ್ಲರಿಗಿಂತ ಮೊದಲು ಕೇಳಿದವನು ನಾನೇ.

ಮಫ್ಲರನ್ನು ಹಿಂದಕ್ಕೆ ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಕಾಡು ಕಂಡ್ಬಂದಿರೋ ಬಟ್ಟೆ. ನಿಮ್ತಾವೇ ಇರ್ಲಿ ತಮ್ಮಾ" ಎಂದರು. ಆ ದನಿಯಲ್ಲಿ ಅವತ್ತು ತಮಾಷೆ ಇರಲಿಲ್ಲ. ಬಹಳ ವರ್ಷಗಳ ಮೇಲೆ ಹೆಂಡತಿ ಹೇಳಿದಳು. ನಾವು ಹೊರಟಾಗ ಮೋಟಾರಿನ ಹಾರನ್ನು ಕೇಳಿ, ಬಾವ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿದರಂತೆ. ಸಂಜೆಯವರೆಗೂ ಈಚೆ ತಿರುಗಲಿಲ್ಲವಂತೆ. ನಾನು ಗಂಟಿನ ಮೇಲೆ ಉರಿಯುತ್ತಿದ್ದಾಗ ಅವರು ಗೋಡೆಗೆ ಮುಖಮಾಡಿ ನನ್ನ ಮೇಲೆ ಉರಿಯುತ್ತಿದ್ದರು. ಆಮೇಲೆ ಅವರು ಬಂಡೀಪುರಕ್ಕೆ ಹೋಗಲೇ ಇಲ್ಲ. ನಾನೇ ಎಷ್ಟೋ ಸಲ ಕರೆದೆ. "ಬ್ಯಾಡ ಕಣ್ ತಮ್ಮಾ. ಓದಾಗ ಅದು ಕಾಣ್ದಿದ್ರೆ, ಇರೋದೂ ಓಯ್ತದಲ್ಲ" ಎನ್ನುತ್ತಿದ್ದರು. ಈಗ ಅವರಿಲ್ಲ.

ಮೊಮ್ಮಗಳು ಹೊರಟದ್ದೂ ಗುರುವಾರವೇ. ನಾನು ಶೂಲದ ಮಾತೆತ್ತಲಿಲ್ಲ. ಮಫ್ಲರಿನ ಮೂಲೆಗೆ ಹಿಡಿ ಅಕ್ಕಿಯನ್ನೂ ಒಂದು ಅಡಿಕೆಯನ್ನೂ ಕಟ್ಟಿ ಕೈಗೆ ಕೊಟ್ಟೆ. "ಇದು ಕಿಟಕಿಯ ಪಕ್ಕ ಇರಲಮ್ಮ."

"ಕತ್ತಿಗೆ ಹಾಕ್ಕೊಳ್ಳೋಕಲ್ವಾ ತಾತ?"

"ಆಮೇಲೆ ಹಾಕ್ಕೋ. ಮೊದಲು ಅವರು ನೋಡಲಿ."

ಅವಳಿಗೆ ಏನು ತಿಳಿಯಿತೋ, ನಕ್ಕು ಕಿಟಕಿಯ ಪಕ್ಕವೇ ಇಟ್ಟಳು. ಕಾರು ಬೀದಿ ತಿರುಗುವಾಗ ಹಾರನ್ನು ಕೇಳಿಸಿತು. ಒಳಗೆ ಬಂದು ಕೂತವನು ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನನ್ನ ಮುಖ ಗೋಡೆಯ ಕಡೆಗಿತ್ತು.

ಸಂಜೆ ಹೆಂಡತಿ ಅಕ್ಕಿಯ ಮೊರ ಹಿಡಿದು ಪಕ್ಕದಲ್ಲಿ ಬಂದು ಕೂತಳು. "ಇಷ್ಟೊತ್ತಿಗೆ ಮಕ್ಕಳು ಕಾಡು ಸೇರಿರ್ತಾವೆ. ದೊಡ್ಡದು ಕಾಣ್ತದೋ ಇಲ್ವೋ."

ನಾನು ಗೋಡೆ ಬಿಟ್ಟು ಅವಳ ಕಡೆ ತಿರುಗಿದೆ. ಕಣ್ಣು ಮುಚ್ಚಿಕೊಂಡೆ. "ಬಿಸಿಲು ಇಳಿದಿತ್ತು ಕಣೇ" ಎಂದೆ. "ಮೊಮ್ಮಗಳ ಗಂಡ ಬಗ್ಗಿ ಕಾಲಡಿಯಲ್ಲಿ ಏನನ್ನೋ ಹುಡುಕುತ್ತಿದ್ದ..."

ಮೊರದ ಸದ್ದು ನಿಂತಿತು. ಕಣ್ಣು ತೆರೆದು ನೋಡಿದರೆ, ಅವಳ ಭುಜ ಕುಣಿಯುತ್ತಿತ್ತು. ಸೆರಗಿನ ತುದಿ ಬಾಯಲ್ಲಿತ್ತು.