ಮೊದಲು ಗಾಡಿ ಮಲಗಿಸಿ ನೋಡಿ

ನಿಪ್ಪಾಣಿಯ ಒಂದು ಶೋರೂಮು. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಹೊಸ ಮೋಟರ್‌ಸೈಕಲ್ಲು. ಅದನ್ನು ನನ್ನ ಸೋದರಮಾವ ಅಂಗಳಕ್ಕೆ ತರಿಸಿದರು, ಕೆಳಗೆ ಗೋಣಿಚೀಲ ಹಾಸಿದರು (ಅಷ್ಟು ತಿಳಿವಳಿಕೆ ಇದೆ ಅವರಿಗೆ), ಮೆಲ್ಲಗೆ ನೆಲಕ್ಕೆ ಮಲಗಿಸಿದರು. ಆಮೇಲೆ ಕೈ ಝಾಡಿಸಿಕೊಂಡು ನನ್ನ ಕಡೆ ತಿರುಗಿದರು.

"ಈಗ ಎಬ್ಬಸು, ನೋಡೂಣು."

ಶೋರೂಮಿನವನ ಮುಖ ನೀವು ನೋಡಬೇಕಿತ್ತು. ಮುದುಕರು ಎಂಜಿನ್ನಿನ ಕೆಳಗೆ ಇಣುಕಲು ಗಾಡಿ ವಾಲಿಸುತ್ತಿದ್ದಾರೆ ಎಂದುಕೊಂಡು ಪಾಪ ಸುಮ್ಮನೆ ನಿಂತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಹ್ಯಾಂಡಲ್ಲಿಗೆ ಕೈ ಹಾಕಿದೆ. ಗಾಡಿ ಜಪ್ಪಯ್ಯ ಎನ್ನಲಿಲ್ಲ.

ಗಾಡಿ ಬೇಕಾಗಿದ್ದು ನನಗೇ. ಹೊಸ ಓದುಗರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ವಾರಕ್ಕೊಮ್ಮೆ ನಿಮ್ಮ ತಲೆ ತಿನ್ನುವ ನಾನು, ಉಳಿದ ದಿನ ರಾಯಬಾಗದ ಸುತ್ತ ಮಕ್ಕಳಿಗೆ ಲಸಿಕೆ ಹಾಕುವ ಸರ್ಕಾರಿ ನರ್ಸಬಾಯಿ. ಚಳಿಗಾಲ ಬಂತೆಂದರೆ ನಮ್ಮಲ್ಲಿ ಕಬ್ಬಿನ ಕಟಾವು. ಮಹಾರಾಷ್ಟ್ರದಿಂದ ಕಬ್ಬು ಕಡಿಯುವವರ ಟೋಳಿಗಳು ಸಂಸಾರ ಸಮೇತ ಬಂದು ಹೊಲದಲ್ಲೇ ಗುಡಿಸಲು ಹಾಕುತ್ತವೆ. ಬೆಳಿಗ್ಗೆ ಏಳರೊಳಗೆ ಕೂಸುಗಳನ್ನೂ ಕಟ್ಟಿಕೊಂಡು ಕಬ್ಬಿನೊಳಗೆ ಹೊಕ್ಕರೆಂದರೆ ಮುಗಿಯಿತು. ಮೊದಲ ಬಸ್ಸು ಹಿಡಿದು, ಸ್ಟಾಪಿನಿಂದ ನಡೆದು ನಾನು ಮುಟ್ಟುವಷ್ಟರಲ್ಲಿ ಗುಡಿಸಲು ಕಾಯಲು ಒಂದು ನಾಯಿ ಇರುತ್ತದೆ, ಅಷ್ಟೇ. ಹೋದ ವರ್ಷ ಒಂದು ಟೋಳಿಯ ಮಕ್ಕಳು ಲಸಿಕೆಯಿಲ್ಲದೆಯೇ ಊರು ಬಿಟ್ಟವು. ನನ್ನ ರಿಜಿಸ್ಟರಿನಲ್ಲಿ ಆ ಸಾಲುಗಳು ಇನ್ನೂ ಖಾಲಿ ಇವೆ.

ನಮ್ಮ ಡಾಕ್ಟರ್‌ಸಾಹೇಬರು ಅದಕ್ಕೊಂದು ಪರಿಹಾರ ಹುಡುಕಿದರು. ಟೋಳಿಗಳ ಕೆಲಸವನ್ನು ನನ್ನಿಂದ ತೆಗೆದು ಸದಾಶಿವ ಅವರಿಗೆ ಕೊಡುವುದು. ಸದಾಶಿವ ನಮ್ಮ ಹೆಲ್ತ್ ಇನ್‌ಸ್ಪೆಕ್ಟರು, ಅವರ ಬಳಿ ಊರಿಗೆಲ್ಲ ಕೇಳುವ ದೊಡ್ಡ ಮೋಟರ್‌ಸೈಕಲ್ ಇದೆ. ಆದರೆ ಅವರು ಡಾಂಬರು ಮುಗಿದಲ್ಲಿ ನಿಂತು ಹಾರ್ನ್ ಹೊಡೆಯುವವರು. ಕೂಸು ಎತ್ತಿಕೊಂಡು ತಾಯಂದಿರೇ ಅಲ್ಲಿಗೆ ಬರಬೇಕಂತೆ. ಯಾರು ಬರುತ್ತಾರೆ? ನನಗೆ ಸಿಟ್ಟು ಬಂತು. ನಾನೂ ಗಾಡಿ ತೆಗೆದುಕೊಳ್ಳುತ್ತೇನೆ, ಒಂದು ಸಲ ಇಬ್ಬರನ್ನೂ ಕಳಿಸಿ ನೋಡಿ, ಆಮೇಲೆ ಟೋಳಿಗಳ ಪಟ್ಟಿ ಯಾರಿಗೆ ಬೇಕಾದರೂ ಕೊಡಿ ಎಂದೆ. ಡಾಕ್ಟರು ನಕ್ಕು ಒಪ್ಪಿದರು.

ಅಲ್ಲಿಂದ ಶುರುವಾಯಿತು ಸಲಹೆಗಳ ಸುಗ್ಗಿ. ನಮ್ಮ ಮನೆಯವರು ಸ್ಕೂಟರ್ ಎಂದರು, ಮುಂದೆ ನಿಲ್ಲಿಸಿಕೊಂಡು ಗಿರಣಿಗೆ ಜೋಳದ ಚೀಲ ಒಯ್ಯಬಹುದಂತೆ. ನಾದಿನಿಗೆ ಬಣ್ಣ ಕೆಂಪಿದ್ದರೆ ಸಾಕು. ಸದಾಶಿವ ಅವರಂತೂ ಎದುರಾಳಿ ಎಂಬುದನ್ನೂ ಮರೆತು ಪಾಠ ಮಾಡಿದರು: ಥಂಡಿಯಲ್ಲಿ ರೋಡಿನ ಮೇಲೆ ಇಬ್ಬನಿ, ಟ್ರ್ಯಾಕ್ಟರಿನಿಂದ ಉದುರಿದ ಕಬ್ಬು, ಗಾಡಿ ಭಾರ ಇರಬೇಕು, ವಜ್ಜೆ ಇದ್ದರೇ ನೆಲ ಹಿಡಿಯುತ್ತದೆ ಎಂದು. ಓಡಿಸುವವಳು ಯಾರು, ಎಲ್ಲಿಗೆ ಹೋಗುತ್ತಾಳೆ ಎಂದು ಒಬ್ಬರಾದರೂ ಕೇಳಿದರೇ? ನಮ್ಮಲ್ಲಿ ಗಾಡಿ ಕೊಳ್ಳುವುದು ಇಡೀ ಮನೆ, ಅದರ ಮೇಲೆ ನಡುಗುವವರು ಮಾತ್ರ ಒಬ್ಬರೇ.

ಕೇಳಿದವರು ಅದೇ ಸೋದರಮಾವ, ಅಕ್ಕೋಳದ ನನ್ನ ಮಾಮಾ ಒಬ್ಬರೇ. ಮೋಟರಿನ ಗಂಧಗಾಳಿ ಅವರಿಗಿಲ್ಲ. ಆದರೆ ಅವರ ಊರ ಸುತ್ತ ಯಾರು ಎತ್ತು ಕೊಂಡರೂ ಮಾಮಾ ಜೊತೆಗಿರಬೇಕು. ಉಳಿದವರು ಕೋಡು ನೋಡುತ್ತಾರೆ, ಹಿಣಿಲು ತಟ್ಟುತ್ತಾರೆ, ಹಲ್ಲು ಎಣಿಸುತ್ತಾರೆ. ಮಾಮಾ ಒಂದು ಬೀಡಿ ಹಚ್ಚಿ, ಎತ್ತು ತಾನಾಗಿ ಮಲಗುವವರೆಗೂ ಕಾಯುತ್ತಾರೆ. ಮಲಗಿದ್ದು ಹೇಗೆ ಏಳುತ್ತದೆ ಎಂದು ನೋಡಿಯೇ ಹೂಂ ಅಥವಾ ಊಹೂಂ. ಅದೇ ಪರೀಕ್ಷೆ ಶೋರೂಮಿನಲ್ಲಿ.

"ನೀ ಹೋಗಾಕಿ ಎರಿ ಹೊಲದಾಗ. ಒಂದಿಲ್ಲೊಂದ ದಿನ ಬೀಳಾಕಿನ," ಎಂದರು ಮಾಮಾ. "ಅಲ್ಲಿ ಎತ್ತಾಕ ಯಾರ ಬರ್ತಾರ?"

ಮೋಟರ್‌ಸೈಕಲ್ ಫೇಲಾಯಿತು. ಸ್ಕೂಟರ್ ಅರ್ಧ ಎದ್ದು ನನ್ನ ಮೇಲೆಯೇ ಬರುವುದಿತ್ತು. ಕೊನೆಗೆ ಮೂಲೆಯಲ್ಲಿದ್ದ ಪೆಡಲ್ಲಿನ ಮೊಪೆಡ್. ಅದನ್ನು ಸೈಕಲ್ಲಿನಂತೆ ಎತ್ತಿ ನಿಲ್ಲಿಸಿದೆ, ಒಂದಲ್ಲ ಮೂರು ಸಲ. ಮಾಮಾ ಹೂಂ ಎಂದರು. ಶೋರೂಮಿನವನು ಬೆವರು ಒರೆಸಿಕೊಂಡ.

ಮರುದಿನ ಆಫೀಸಿನಲ್ಲಿ ನಗೆಯೋ ನಗೆ. ಇದು ಗಾಡಿಯೋ, ಹೊಲಿಗೆ ಮಷೀನೋ? (ಸ್ಪೀಡಿನ ಬಗ್ಗೆ ನನ್ನನ್ನು ಕೇಳಬೇಡಿ. ಎದುರು ಗಾಳಿ ಬಂದರೆ ನಾನೂ ಪೆಡಲ್ ತುಳಿಯುತ್ತೇನೆ.)

ಕಳೆದ ಸೋಮವಾರ ಪರೀಕ್ಷೆಯ ದಿನ. ಅಲಖನೂರಿನ ಆಚೆ ಒಂದು ಟೋಳಿ ಇಳಿದಿತ್ತು. ಹಲ್ಲು ಕಟಕಟ ಎನ್ನುವ ಥಂಡಿ. ಕಿವಿಗೆ ಸ್ಕಾರ್ಫ್, ಮೈಮೇಲೆ ನಮ್ಮ ಮನೆಯವರ ಸ್ವೆಟರ್, ಹಿಂದೆ ಹಗ್ಗದಿಂದ ಬಿಗಿದ ಲಸಿಕೆಯ ಐಸ್ ಡಬ್ಬಿ. ಡಾಕ್ಟರ ಹೇಳಿಕೆಯಂತೆ ಸದಾಶಿವ ಅವರೂ ಬಂದರು, ನನ್ನನ್ನು ದಾಟಿ ಮುಂದೆ ಹೋದರು, ಟಾಟಾ ಕೂಡ ಮಾಡಿದರು. ಈ ಸಲ ಡಾಂಬರಿಗೇ ನಿಲ್ಲದೆ ಹೊಲದ ದಾರಿಗೂ ಇಳಿದರು. ಛಲ ಎಂದರೆ ಹಾಗಿರಬೇಕು.

ಆ ದಾರಿಗೆ ಪಕ್ಕದ ಹೊಲದ ನೀರು ಹರಿದಿತ್ತು. ನೀರು ಕುಡಿದ ಕರಿ ಎರಿ ಮಣ್ಣು ಗೊತ್ತಲ್ಲ? ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒತ್ತಿ ತುಂಬಿಕೊಳ್ಳುತ್ತದೆ. ನಾನು ಮುಟ್ಟಿದಾಗ ಅವರ ಗಾಡಿ ಕೆಸರಿನಲ್ಲಿ ಮಲಗಿತ್ತು. ಸದಾಶಿವ ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಇಬ್ಬರೂ ಸೇರಿ ಎತ್ತಿ ನೋಡಿದೆವು, ಅಲುಗಲಿಲ್ಲ.

ಗಂಟೆ ಆರೂವರೆ. ನಾನು ಅವರಿಗೆ ನಮಸ್ಕಾರ ಹೇಳಿ ಹೊರಟೆ.

ಬೀಳಲಿಲ್ಲ ಎಂದುಕೊಳ್ಳಬೇಡಿ, ಎರಡು ಸಲ ಬಿದ್ದೆ. ಎತ್ತಿದೆ, ಕಬ್ಬಿನ ತುಂಡಿನಿಂದ ಮಣ್ಣು ಕೆರೆದೆ, ಹತ್ತಿದೆ. ಕೊನೆಯಲ್ಲಿ ಕಾಲುವೆಯ ಒಡ್ಡು ಅಡ್ಡ ಬಂತು. ಆಚೆಯಿಂದ ಟೋಳಿಯ ಇಬ್ಬರು ಹೆಂಗಸರು ಓಡಿ ಬಂದು, ಮೊಪೆಡ್ಡನ್ನು ಹುಲ್ಲಿನ ಹೊರೆಯಂತೆ ಎತ್ತಿ ದಾಟಿಸಿದರು. ಕಬ್ಬು ಕಡಿಯುವ ಕೊಯ್ತಾ ಹಿಡಿದು ಹೊರಟಿದ್ದ ತಾಯಂದಿರೆಲ್ಲ ನಿಂತರು. ಒಂದು ಮಗುವೂ ಉಳಿಯದಂತೆ ಎಲ್ಲರಿಗೂ ಲಸಿಕೆ ಆಯಿತು. ಐಸ್ ಇನ್ನೂ ಐಸಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ, ಆ ಅಳುವ ಮಕ್ಕಳ ನಡುವೆ ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲಷ್ಟೇ ಟೋಳಿಯ ಮೇಸ್ತ್ರಿ ಮುಕಾದಮನಿಗೆ ಹೇಳಿ ಸದಾಶಿವ ಅವರ ಗಾಡಿಗೆ ಜನ ಕಳಿಸಿದೆ. ನಾಲ್ಕು ಮಂದಿ ಬೇಕಾದರು.

ಡಾಕ್ಟರು ಮಂಗಳವಾರ ಇಡೀ ಪಟ್ಟಿಯನ್ನು ನನ್ನ ಟೇಬಲ್ಲಿಗೆ ತಂದಿಟ್ಟರು. ಅಕ್ಕೋಳಕ್ಕೆ ಹೋಗಿ ಮಾಮಾಗೆ ಎಲ್ಲ ಹೇಳಿದೆ. ಬಿದ್ದೆಯಾ ಎಂದು ಕೇಳಿದರು, ಎರಡು ಸಲ ಎಂದೆ. "ಎದ್ದೀ ಇಲ್ಲೋ, ಸಾಕು," ಎಂದು ಬೀಡಿ ಹಚ್ಚಿದರು.

ನಿನ್ನೆ ಸದಾಶಿವ ಮೆಲ್ಲಗೆ ನನ್ನ ಟೇಬಲ್ಲಿನ ಹತ್ತಿರ ಬಂದರು. ತಮ್ಮ ಗಾಡಿ ಮಾರಿ ಬೇರೆ ಕೊಳ್ಳುತ್ತಾರಂತೆ.

"ಸಿಸ್ಟರ್, ನಿಮ್ಮ ಮಾಮಾ ಮನ್ಯಾಗ ಯಾವಾಗ ಸಿಗ್ತಾರ್ರಿ?"

ಹೇಳಿಬಿಡಲೋ, ಇನ್ನೊಂದು ವಾರ ಸತಾಯಿಸಲೋ?